ಕೋಟೆ ಮೈಟಿ, ಮಂತ್ರಿ ಪವರ್‌ಫುಲ್, ಚಹಾ ಸ್ಟ್ರಾಂಗ್

ಪ್ರಶ್ನೆ: ನಾನು ಬೀದರಿನಲ್ಲಿ ಪ್ರವಾಸಿಗರಿಗೆ ಕೋಟೆ ತೋರಿಸುವ ಕೆಲಸ ಮಾಡುತ್ತೇನೆ. ಓದಿದ್ದೆಲ್ಲ ಕನ್ನಡ ಮಾಧ್ಯಮದಲ್ಲಿ. ಬಂದವರ ಕೈಗೆ ಕೊಡೋಣ ಅಂತ ಒಂದು ಪುಟದ ಇಂಗ್ಲಿಷ್ ಪಾಂಪ್ಲೆಟ್ ಬರೆದಿದ್ದೇನೆ. ಅದರಲ್ಲಿ ಈ ವಾಕ್ಯಗಳಿವೆ: 'ಬೀದರ್ ಫೋರ್ಟ್ ಈಸ್ ಅ ವೆರಿ ಮೈಟಿ ಫೋರ್ಟ್.' 'ಮಹಮೂದ್ ಗಾವಾನ್ ವಾಸ್ ಅ ಮೈಟಿ ಮಿನಿಸ್ಟರ್.' 'ಸೀ ದಿ ಮೈಟಿ ಕ್ಯಾನನ್.' 'ಬಿದ್ರಿ ಆರ್ಟಿಸನ್ಸ್ ಯೂಸ್ ದಿ ಮೈಟಿ ಸಾಯಿಲ್ ಆಫ್ ದಿ ಫೋರ್ಟ್.' 'ದಿ ಮೈಟಿ ಸುಲ್ತಾನ್ಸ್ ಆರ್ ಸ್ಲೀಪಿಂಗ್ ಇನ್ ಅಷ್ಟೂರ್.' ಕೊನೆಗೆ 'ಯೂ ವಿಲ್ ಬಿ ಮೈಟಿ ಹ್ಯಾಪಿ.' ಈಚೆಗೆ ಒಬ್ಬ ವಿದೇಶಿ ಪ್ರವಾಸಿಗೆ ಮೈಟಿ ಮಿನಿಸ್ಟರ್ ಅಂತ ಹೇಳಿದಾಗ ಅವರು ನಕ್ಕುಬಿಟ್ಟರು. ನನ್ನ ಡಿಕ್ಷನರಿಯಲ್ಲಿ ಮೈಟಿ ಅಂದರೂ ಬಲಿಷ್ಠ, ಪವರ್‌ಫುಲ್ ಅಂದರೂ ಬಲಿಷ್ಠ, ಸ್ಟ್ರಾಂಗ್ ಅಂದರೂ ಬಲಿಷ್ಠ. ಹಾಗಾದರೆ ತಪ್ಪೆಲ್ಲಿದೆ ಸರ್?

ಉತ್ತರ: ಆ ಪ್ರವಾಸಿ ನಕ್ಕಿದ್ದು ನಿಮ್ಮ ವ್ಯಾಕರಣಕ್ಕಲ್ಲ. ವ್ಯಾಕರಣ ಸರಿಯಾಗೇ ಇದೆ. ಅವರಿಗೆ ನಗು ಬಂದಿದ್ದು ಒಬ್ಬ ಮಂತ್ರಿಗೆ ಕೋಟೆಯ ಅಳತೆಯ ಅಂಗಿ ತೊಡಿಸಿದ್ದಕ್ಕೆ. ಅದರ ಮೇಲೆ ಮೈಟಿ, ಮಿನಿಸ್ಟರ್ ಎರಡೂ 'ಮ'ದಿಂದ ಶುರುವಾಗುತ್ತವೆ. ಮೈಟಿ ಮೌಸ್ ಅಂತ ಅಮೆರಿಕದಲ್ಲಿ 1940ರ ದಶಕದ ಒಂದು ಕಾರ್ಟೂನ್ ಇಲಿ ಇದೆ. ಕೆಂಪು ಮೇಲಂಗಿ ಹಾಕಿಕೊಂಡು ಹಾರಿ ಬಂದು ಬೆಕ್ಕುಗಳನ್ನು ಬಡಿಯುತ್ತದೆ. ಇಂಥ ಹೆಸರುಗಳನ್ನು ಕೇಳಿ ಬೆಳೆದವರ ಕಿವಿಗೆ ಮೈಟಿ ಮಿನಿಸ್ಟರ್ ಅಂದಕೂಡಲೇ ಗಾವಾನ್ ಸಾಹೇಬರು ಕಾಣುವುದಿಲ್ಲ, ಆ ಇಲಿ ಕಾಣುತ್ತದೆ. ಅಷ್ಟೇ ವಿಷಯ, ಬೇಜಾರು ಮಾಡಿಕೊಳ್ಳಬೇಡಿ.

ಆದರೆ ನಿಮ್ಮ ಪ್ರಶ್ನೆ ದೊಡ್ಡದು. ಡಿಕ್ಷನರಿ ಮೂರೂ ಪದಗಳಿಗೆ ಬಲಿಷ್ಠ ಅಂತ ಬರೆದರೆ ಅದು ಸುಳ್ಳಲ್ಲ, ಅರ್ಧ ಮಾತ್ರ. ಉಳಿದರ್ಧ ಯಾವ ಪದ ಯಾವುದರ ಜೊತೆ ಕೂರುತ್ತದೆ ಅನ್ನೋದರಲ್ಲಿದೆ.

ಮೊದಲು ಮೈಟಿ ನೋಡೋಣ. ಈ ಪದದಲ್ಲಿ ಬರೀ ಬಲ ಇಲ್ಲ. ಬಲದ ಜೊತೆ ಗಾತ್ರ ಇದೆ, ನೋಡುವವನು ಸಣ್ಣವನಾಗಿ ತಲೆ ಎತ್ತಿ ನೋಡುವ ಭಾವ ಇದೆ. ಸಮುದ್ರ, ದೊಡ್ಡ ನದಿ, ಸೈನ್ಯ, ಸಾಮ್ರಾಜ್ಯ, ಹಳೇ ಮರ, ಕೋಟೆ, ಗುಡುಗು, ಒಂದೇ ಏಟಿಗೆ ಕೆಡವುವ ಹೊಡೆತ, ಇವೆಲ್ಲ ಮೈಟಿ ಆಗಬಹುದು. ಅದು ಈಗ ನಿಮಗೋಸ್ಕರ ಕೆಲಸ ಮಾಡುತ್ತಿದೆಯಾ ಅನ್ನೋ ಪ್ರಶ್ನೆಯೇ ಅಲ್ಲಿಲ್ಲ. ಸುಮ್ನೆ ನಿಂತಿದ್ದರೂ ಮೈಟಿಯೇ. ನಿಮ್ಮ ಕೋಟೆಗೆ ಈಗ ಶತ್ರುಗಳೂ ಇಲ್ಲ, ಕಾವಲಿನ ಸೈನ್ಯವೂ ಇಲ್ಲ. ಆದರೂ ಕೆಂಪು ಮುರಕಲ್ಲಿನ ಬಂಡೆಯನ್ನೇ ಕಡಿದು ಮಾಡಿದ ಮೂರು ಸಾಲಿನ ಕಂದಕದ ಅಂಚಿಗೆ ನಿಂತವರು ಒಂದು ಕ್ಷಣ ಮಾತು ನಿಲ್ಲಿಸುತ್ತಾರೆ, ಅಲ್ವಾ? ಆ ಕ್ಷಣದ ಪದ ಮೈಟಿ. ಹಾಗಾಗಿ ಮೊದಲನೇ ವಾಕ್ಯದಲ್ಲಿ ಪದ ಸರಿಯಾದ ಜಾಗದಲ್ಲೇ ಇದೆ.

ಅಲ್ಲಿ ತೆಗೆಯಬೇಕಾದ್ದು 'ವೆರಿ'. ಮೈಟಿ ಒಳಗೇ 'ಬಹಳ' ಸೇರಿಕೊಂಡಿದೆ. ವೆರಿ ಮೈಟಿ ತಪ್ಪಲ್ಲ, ಆದರೆ ವೆರಿ ಹಾಕಿದಷ್ಟೂ ಪದದ ತೂಕ ಇಳಿಯುತ್ತದೆ. ಇನ್ನೊಂದು, ಮೈಟಿ ಸಾಮಾನ್ಯವಾಗಿ ನಾಮಪದಕ್ಕಿಂತ ಮೊದಲೇ ನಿಲ್ಲುತ್ತದೆ. 'ದಿ ಮೈಟಿ ಫೋರ್ಟ್ ಆಫ್ ಬೀದರ್' ಅಂದರೆ ಗಂಭೀರ. 'ದಿ ಫೋರ್ಟ್ ಈಸ್ ಮೈಟಿ' ಅಂತ ವಾಕ್ಯದ ಕೊನೆಗೆ ತಳ್ಳಿದರೆ ಏನೋ ಕಮ್ಮಿ ಆದಂತೆ ಕೇಳುತ್ತದೆ.

ಈಗ ಗಾವಾನ್. ಈ ಮನುಷ್ಯನನ್ನು ಯೋಚಿಸಿದರೆ ಪದಗಳ ವ್ಯತ್ಯಾಸ ತಾನಾಗೇ ಬಿಡಿಸಿಕೊಳ್ಳುತ್ತದೆ. ಇರಾನಿನ ಗೀಲಾನ್ ಪ್ರಾಂತ್ಯದಿಂದ ವ್ಯಾಪಾರಿಯಾಗಿ ಬಂದವರು. ಬಹಮನಿ ಸುಲ್ತಾನರ ದರ್ಬಾರಿನಲ್ಲಿ ಏರುತ್ತಾ ಹೋಗಿ ರಾಜ್ಯದ ಆಡಳಿತವನ್ನೇ ಕೈಗೆ ತೆಗೆದುಕೊಂಡರು. 1472ರಲ್ಲಿ ನಿಮ್ಮೂರಿನ ಮದರಸಾ ಕಟ್ಟಿಸಿದರು. ಕಿರೀಟ ಇರಲಿಲ್ಲ, ಸಿಂಹಾಸನ ಇರಲಿಲ್ಲ. ಆದರೆ ಅವರ ಮಾತಿಗೆ ಪ್ರಾಂತ್ಯಗಳ ಗಡಿಗಳೇ ಬದಲಾದವು, ಆ ಪ್ರಾಂತ್ಯಗಳನ್ನು ಆಳುತ್ತಿದ್ದ ತರಫ್‌ದಾರರ ಅಧಿಕಾರ ಕಡಿಮೆಯಾಯಿತು. ಹೀಗೆ ಹೊರಗೆ ಕಾಣದೆ ಕೆಲಸ ಮಾಡಿಸುವ ಬಲಕ್ಕೆ ಇಂಗ್ಲಿಷಿನಲ್ಲಿ ಪವರ್‌ಫುಲ್ ಅನ್ನುತ್ತಾರೆ. 'ದಿ ಪವರ್‌ಫುಲ್ ಮಿನಿಸ್ಟರ್ ಮಹಮೂದ್ ಗಾವಾನ್' ಅಂತ ಬರೆಯಿರಿ, ಯಾರೂ ನಗುವುದಿಲ್ಲ. ಇಷ್ಟು ಪವರ್ ಇದ್ದವರನ್ನು 1481ರಲ್ಲಿ ಒಂದು ನಕಲಿ ಪತ್ರ ತೋರಿಸಿ, ಸುಲ್ತಾನನ ಬಾಯಿಂದಲೇ ಮರಣದಂಡನೆ ಹೇಳಿಸಿದರು. ಪಾಂಪ್ಲೆಟ್‌ನಲ್ಲಿ ಜಾಗ ಇದ್ದರೆ ಈ ಒಂದು ಸಾಲು ಹಾಕಿ. ನಿಮ್ಮ ಎಲ್ಲ ವಿಶೇಷಣಗಳಿಗಿಂತ ಪ್ರವಾಸಿಗಳಿಗೆ ಅದೇ ಜಾಸ್ತಿ ನೆನಪಿರುತ್ತದೆ.

ಪವರ್‌ಫುಲ್ ಅಂದರೆ ಪರಿಣಾಮ ಬೀರುವ ಬಲ. ಎಂಜಿನ್, ಪಂಪ್‌ಸೆಟ್ ಮೋಟಾರು, ಭಾಷಣ, ಮಂತ್ರಿ, ವಾದ, ಕಂಪ್ಯೂಟರ್ ಎಲ್ಲ ಪವರ್‌ಫುಲ್. ನಮ್ಮ ಕಡೆ ದೇವರಿಗೂ ಹೇಳುತ್ತೇವೆ, 'ಭಾಳ ಪವರ್‌ಫುಲ್ ದೇವ್ರು ನೋಡ್ರಿ' ಅಂತ. ಹರಕೆಗೆ ಫಲ ಕೊಡುತ್ತಾನೆ ಅನ್ನೋ ಅರ್ಥದಲ್ಲಿ ಅದು ಪಕ್ಕಾ ಸರಿಯಾದ ಬಳಕೆ. ಇಂಗ್ಲೆಂಡಿನವರು ಇದಕ್ಕೆ ಹುಬ್ಬೇರಿಸಬಹುದು. ಏರಿಸಲಿ ಬಿಡಿ.

ಸ್ಟ್ರಾಂಗ್ ಅನ್ನೋದು ಗಟ್ಟಿತನ. ಹಗ್ಗ, ಗೋಡೆ, ತೋಳು, ಗಾಳಿ, ವಾಸನೆ, ಅಭಿಪ್ರಾಯ. ಚಹಾದ ಕಥೆಯಂತೂ ಭಾಷಾಶಾಸ್ತ್ರದ ಪುಸ್ತಕಕ್ಕೇ ಹೋಗಿದೆ. ಹ್ಯಾಲಿಡೆ ಎಂಬ ವಿದ್ವಾಂಸರು 1966ರಲ್ಲಿ ಒಂದು ಲೇಖನ ಬರೆದರು. ಇಂಗ್ಲಿಷಿನವರು 'ಸ್ಟ್ರಾಂಗ್ ಟೀ' ಅನ್ನುತ್ತಾರೆ, 'ಪವರ್‌ಫುಲ್ ಟೀ' ಅನ್ನುವುದಿಲ್ಲ. 'ಪವರ್‌ಫುಲ್ ಕಾರ್' ಅನ್ನುತ್ತಾರೆ, 'ಸ್ಟ್ರಾಂಗ್ ಕಾರ್' ಅನ್ನುವುದಿಲ್ಲ. ಅರ್ಥ ಹತ್ತಿರ ಇದ್ದರೂ ಪದಗಳಿಗೆ ಅವರವರದೇ ಗೆಳೆಯರಿದ್ದಾರೆ ಅಂತ ತೋರಿಸಿದರು. ಕಲಬುರಗಿ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ 'ಒಂದು ಸ್ಟ್ರಾಂಗ್ ಚಾ' ಅಂತ ಕೂಗುವವರು ಹ್ಯಾಲಿಡೆ ಹೆಸರು ಕೇಳಿರಲಿಕ್ಕಿಲ್ಲ. ಆದರೆ ಅವರಲ್ಲಿ ಯಾರೂ 'ಪವರ್‌ಫುಲ್ ಚಾ' ಅನ್ನುವುದಿಲ್ಲ. ಪದಗಳ ಗೆಳೆತನ ಕಿವಿಯಿಂದ ಬರುತ್ತದೆ, ಡಿಕ್ಷನರಿಯಿಂದಲ್ಲ.

ಯಾಕೆ ಹೀಗೆ ಒಂದೇ ಅರ್ಥಕ್ಕೆ ಹಲವು ಪದ? ಇಂಗ್ಲಿಷಿನ ಚರಿತ್ರೆಯೇ ಕಾರಣ. ಮೈಟಿ, ಸ್ಟ್ರಾಂಗ್ ಎರಡೂ ಇಂಗ್ಲಿಷಿನ ಮನೆಯ ಪದಗಳು. ಹಳೇ ಇಂಗ್ಲಿಷಿನಲ್ಲಿ 'ಮಿಹ್ತಿಗ್' ಅಂತಿತ್ತು. ಜರ್ಮನ್ ಭಾಷೆಯಲ್ಲಿ ಇವತ್ತಿಗೂ ಅಧಿಕಾರಕ್ಕೆ 'ಮಾಖ್ಟ್' ಅನ್ನುತ್ತಾರೆ, ಅದು ಇದರ ದಾಯಾದಿ. 1066ರಲ್ಲಿ ನಾರ್ಮಂಡಿಯವರು ಇಂಗ್ಲೆಂಡ್ ಗೆದ್ದರು. ಮುಂದೆ ಬಹಳ ಕಾಲ ಅರಮನೆ, ಕೋರ್ಟು ಎರಡೂ ಕಡೆ ಫ್ರೆಂಚ್ ನಡೆಯಿತು. ಪವರ್ ಬಂದಿದ್ದು ಆ ದಾರಿಯಿಂದ. ಹಾಗಾಗಿಯೇ ಇರಬೇಕು, ಇವತ್ತಿಗೂ ಆಡಳಿತ, ರಾಜಕೀಯ, ಯಂತ್ರದ ಮಾತು ಬಂದಾಗ ಪವರ್ ಅನ್ನೋ ಪದ ಮುಂದೆ ಬರುತ್ತದೆ. ಮೈಟಿ ಮಾತ್ರ ಯುದ್ಧದ ಹಾಡು, ದೇವರ ಸ್ತುತಿ, ನದಿ ಸಮುದ್ರಗಳ ಕಡೆ ಉಳಿದುಕೊಂಡಿತು. ಅದಕ್ಕೇ ಅದರಲ್ಲಿ ಒಂದು ಹಳೇ ಕಾಲದ ಗತ್ತು ಇದೆ.

ನಮ್ಮಲ್ಲೂ ಈ ಬಗೆಯದು ಇಲ್ಲವಾ? ಬಲ್ಲಿದ ನಮ್ಮ ಹಳೇ ಪದ. ಬಲಿಷ್ಠ, ಶಕ್ತಿಶಾಲಿ ಸಂಸ್ಕೃತದಿಂದ ಬಂದವು. ಜಬರ್ದಸ್ತ್ ಫಾರಸಿಯಿಂದ. ಫಾರಸಿಯಲ್ಲಿ ಅದು 'ಮೇಲುಗೈ' ಅನ್ನೋ ಮಾತು, ಜಬರ್ ಅಂದರೆ ಮೇಲೆ, ದಸ್ತ್ ಅಂದರೆ ಕೈ. ಬೀದರ್ ಕಲಬುರಗಿ ಕಡೆ 'ಜಬರ್ದಸ್ತ್ ಊಟ ಆಯ್ತ್ರಿ' ಅಂದರೆ ಹೊಗಳಿಕೆ, 'ಜಬರ್ದಸ್ತಿ ಮಾಡಬ್ಯಾಡ' ಅಂದರೆ ಬೈಗುಳ. ಮೇಲುಗೈ ಒಂದೇ, ಅದು ಯಾರ ಮೇಲೆ ಬೀಳುತ್ತದೆ ಅನ್ನೋದಷ್ಟೇ ಬೇರೆ. 'ಬಲ್ಲಿದ ಊಟ' ಅಂತ ಯಾರಾದರೂ ಅಂದರೆ ನೀವು ನಗುತ್ತೀರಿ. ಆ ಪ್ರವಾಸಿಗೆ ಬಂದ ನಗುವೂ ಇದೇ.

ಒಂದು ತಮಾಷೆ ಹೇಳಿಬಿಡುತ್ತೇನೆ. ಮೈಟ್ ಅಂದರೆ ಬಲ. 'ಐ ಮೈಟ್ ಕಮ್' ಅಂದರೆ ಬಂದರೂ ಬಂದೆ, ಬರದಿದ್ದರೂ ಇಲ್ಲ. ಸ್ಪೆಲಿಂಗ್ ಒಂದೇ. ಬೇರೂ ಒಂದೇ. 'ಆಗುತ್ತದೆ, ಕೈಲಾಗುತ್ತದೆ' ಅನ್ನೋ ಹಳೇ ಕ್ರಿಯಾಪದದಿಂದಲೇ 'ಮೇ'ಯೂ ಬಂತು, 'ಮೈಟ್' ಕೂಡ ಬಂತು. ಅದೇ ಬೇರು ನಾಮಪದದಲ್ಲಿ ಮಹಾಬಲವಾಯಿತು, ಸಹಾಯಕ ಕ್ರಿಯಾಪದದಲ್ಲಿ ಸವೆದು ಸವೆದು 'ನೋಡೋಣ' ಅನ್ನೋ ಮಟ್ಟಕ್ಕೆ ಇಳಿಯಿತು. ನಮ್ಮಲ್ಲಿ 'ಮಾಡಬಲ್ಲ' ಅನ್ನೋದರ ಬಲ್ಲ ಇನ್ನೂ ಅಷ್ಟು ಸವೆದಿಲ್ಲ. 'ಮಾಡಬಲ್ಲೆ' ಅಂದವನು ಮಾಡಿಯೇ ತೋರಿಸಬೇಕು.

ತೋಪಿಗೆ ಬರೋಣ. 'ಸೀ ದಿ ಮೈಟಿ ಕ್ಯಾನನ್' ಸರಿಯಾಗಿದೆ, ಬಿಡಿ. ಆದರೆ ಇಲ್ಲಿ ಎರಡು ಪದಗಳೂ ನಡೆಯುತ್ತವೆ, ಅರ್ಥ ಮಾತ್ರ ಬೇರೆ. ಪವರ್‌ಫುಲ್ ಕ್ಯಾನನ್ ಅಂದರೆ ಗುಂಡು ಬಹಳ ದೂರ ಹಾರಿಸುತ್ತದೆ, ಗೋಡೆ ಒಡೆಯುತ್ತದೆ. ಮೈಟಿ ಕ್ಯಾನನ್ ಅಂದರೆ ನೋಡಿದರೆ ಎದೆ ನಡುಗುವಷ್ಟು ದೊಡ್ಡದು. ಕಲಬುರಗಿ ಕೋಟೆಯಲ್ಲಿ ಸುಮಾರು 29 ಅಡಿ ಉದ್ದದ ಒಂದು ತೋಪಿದೆ, ಬಾರಾ ಗಜಿ ತೋಪ್ ಅಂತ ಕರೆಯುತ್ತಾರೆ. ಹೆಸರಿಟ್ಟವರು ಅದರ ಗುಂಡಿನ ಲೆಕ್ಕ ಹಿಡಿಯಲಿಲ್ಲ, ಗಜದ ಲೆಕ್ಕ ಹಿಡಿದರು. ಹನ್ನೆರಡು ಗಜದ ತೋಪು. ಮೈಟಿ ಅನ್ನೋ ಪದ ಯೋಚಿಸೋದೂ ಹಾಗೇ. ಬೀದರ್ ಕೋಟೆಯ ಬುರುಜಿನ ಮೇಲಿನ ತೋಪುಗಳ ಮುಂದೆ ನೀವು ಜನರನ್ನು ನಿಲ್ಲಿಸಿ ಫೋಟೊ ತೆಗೆಸುತ್ತೀರಲ್ಲ, ಅಲ್ಲಿ ಬೇಕಾದ್ದು ಮೈಟಿಯೇ.

ಬಿದ್ರಿ ಮಣ್ಣಿನ ವಾಕ್ಯ ಮಾತ್ರ ಕೈಬಿಡಬೇಕು. ಮಣ್ಣು ಮೈಟಿ ಆಗುವುದಿಲ್ಲ. ಒಂದು ಹಿಡಿಯಲ್ಲಿ ಹಿಡಿಯುವಂಥದ್ದಕ್ಕೆ ಈ ಪದ ಹತ್ತುವುದಿಲ್ಲ. ನೀವು ಹೇಳಬೇಕಾದ ಸಂಗತಿಯೇ ಎಷ್ಟು ಚೆನ್ನಾಗಿದೆ ನೋಡಿ. ಸತು ಜಾಸ್ತಿ, ತಾಮ್ರ ಸ್ವಲ್ಪ ಸೇರಿಸಿ ಎರಕ ಹೊಯ್ದ ಪಾತ್ರೆ. ಮೈಮೇಲೆ ಉಳಿಯಿಂದ ಗೀರಿ ಬೆಳ್ಳಿ ಕೂರಿಸುತ್ತಾರೆ. ಆಮೇಲೆ ಕೋಟೆಯ ಹಳೇ ಮಣ್ಣನ್ನು ನವಸಾಗರದ ಜೊತೆ ನೀರಿನಲ್ಲಿ ಕಲಸಿ, ಬಿಸಿ ಮಾಡಿ, ಪಾತ್ರೆಗೆ ಹಚ್ಚುತ್ತಾರೆ. ಸತುವಿನ ಮೈ ಕಪ್ಪಾಗುತ್ತದೆ, ಬೆಳ್ಳಿ ಕಪ್ಪಾಗದೆ ಹಾಗೇ ಹೊಳೆಯುತ್ತದೆ. ಇದಕ್ಕೆ ಯಾವ ವಿಶೇಷಣವೂ ಬೇಡ. ಆಗುವುದನ್ನು ಆಗುವ ಹಾಗೇ ಬರೆಯಿರಿ: 'ದಿ ಸಾಯಿಲ್ ಟರ್ನ್ಸ್ ದಿ ಮೆಟಲ್ ಬ್ಲ್ಯಾಕ್ ಬಟ್ ಲೀವ್ಸ್ ದಿ ಸಿಲ್ವರ್ ಬ್ರೈಟ್.' ಬಿದ್ರಿ ಕಲೆಗೆ 2006ರಲ್ಲಿ ಜಿಐ ಗುರುತು, ಅಂದರೆ ಇದು ಈ ಊರಿನದೇ ಅನ್ನೋ ಭೌಗೋಳಿಕ ಗುರುತು ಸಿಕ್ಕಿದೆ, ಬೇಕಾದರೆ ಅದನ್ನೂ ಸೇರಿಸಿ. ಪ್ರವಾಸಿಗಳು ಇಂಥದ್ದು ಕೇಳುತ್ತಾರೆ.

ಇದೇ ಅಳತೆ ಹಿಡಿದರೆ ಉಳಿದವೂ ತಿಳಿಯುತ್ತವೆ. ಔಷಧಿ, ವಿಷ, ಮದ್ಯಕ್ಕೆ ಪೋಟೆಂಟ್. ಎದುರಾಳಿಯನ್ನು ನೋಡಿ ಒಳಗೊಳಗೇ ಅಳುಕಿದರೆ ಆತ ಫಾರ್ಮಿಡಬಲ್. ಪ್ಯೂಸೆಂಟ್ ಅಂತ ಒಂದಿದೆ, ಅದು ಹಳೇ ಪದ್ಯಗಳಿಗೆ ಮಾತ್ರ. ನಿಮ್ಮ ಕೆಲಸಕ್ಕೆ ಬೇಡ. ಕಲಬುರಗಿ ಬಿಸಿಲಿಗೆ ಮೈಟಿ ಸನ್ ಅನ್ನಬೇಡಿ, ಫಿಯರ್ಸ್ ಅನ್ನಿ. ಭೀಮಾ ನದಿಗೆ ಮೈಟಿ ಅನ್ನೋದು ಮಳೆಗಾಲದಲ್ಲಿ ಸರಿ. ದಂಡೆ ಮೀರಿ ಹೊಲಕ್ಕೆ ನುಗ್ಗಿದ ದಿನ ಆ ಪದಕ್ಕೆ ಯಾರ ತಕರಾರೂ ಇಲ್ಲ. ಏಪ್ರಿಲ್‌ನಲ್ಲಿ ಮರಳು ಕಾಣುವಾಗಲೂ ಕೆಲವು ಪೇಪರಿನವರು 'ಮೈಟಿ ಭೀಮಾ' ಅಂತಲೇ ತಲೆಬರಹ ಕೊಡುತ್ತಾರೆ, ಅದು ಅಭ್ಯಾಸಬಲ.

ನಿಮ್ಮ ಪಾಂಪ್ಲೆಟ್‌ನಲ್ಲಿ ನನಗೆ ಬಹಳ ಇಷ್ಟವಾದ ವಾಕ್ಯ ಬಹಮನಿ ಸುಲ್ತಾನರ ಗೋರಿಗಳಿರುವ ಅಷ್ಟೂರಿನದು. 'ದಿ ಮೈಟಿ ಸುಲ್ತಾನ್ಸ್ ಆರ್ ಸ್ಲೀಪಿಂಗ್ ಇನ್ ಅಷ್ಟೂರ್.' ಇದನ್ನು ಯಾವ ಕಾರಣಕ್ಕೂ ತೆಗೆಯಬೇಡಿ, ಸ್ವಲ್ಪ ತಿದ್ದಿ ಸಾಕು. ಮೈಟಿ ಅನ್ನೋ ಪದಕ್ಕೆ ಬೀಳುವವರ ಜೊತೆ ಹಳೇ ನಂಟಿದೆ. 1611ರ ಇಂಗ್ಲಿಷ್ ಬೈಬಲಿನಲ್ಲಿ ಸೌಲ ಮತ್ತು ಯೋನಾತಾನ ಯುದ್ಧದಲ್ಲಿ ಸತ್ತ ಸುದ್ದಿ ಕೇಳಿ ದಾವೀದ ಅಳುವ ಜಾಗ ಬರುತ್ತದೆ. ಅಲ್ಲಿ 'ಹೌ ಆರ್ ದಿ ಮೈಟಿ ಫಾಲನ್' ಅಂತ ಅವನು ಮತ್ತೆ ಮತ್ತೆ ಹೇಳುತ್ತಾನೆ. ಎಂಥೆಂಥ ಬಲಶಾಲಿಗಳು ಬಿದ್ದುಹೋದರಲ್ಲ ಅಂತ. ಇಲ್ಲಿ ಗಮನಿಸಿ, ಮೈಟಿ ಪಕ್ಕದಲ್ಲಿ ನಾಮಪದವೇ ಇಲ್ಲ. 'ದಿ ಮೈಟಿ' ಅಂದರೇ ಬಲಶಾಲಿಗಳೆಲ್ಲ ಅಂತ ಬಹುವಚನ. 'ದಿ ಪೂರ್' ಅಂದರೆ ಬಡವರು, 'ದಿ ರಿಚ್' ಅಂದರೆ ಶ್ರೀಮಂತರು ಇದ್ದ ಹಾಗೆ. 'ದಿ ಮೈಟೀಸ್' ಅಂತ ಎಸ್ ಹಚ್ಚುವಂತಿಲ್ಲ. 1818ರಲ್ಲಿ ಅಚ್ಚಾದ ಶೆಲ್ಲಿಯ ಒಜಿಮ್ಯಾಂಡಿಯಸ್ ಪದ್ಯದಲ್ಲೂ ಹೀಗೇ ಬರುತ್ತದೆ. ಮರುಭೂಮಿಯಲ್ಲಿ ಮುರಿದು ಬಿದ್ದ ಒಂದು ವಿಗ್ರಹ, ಅದರ ಪೀಠದ ಮೇಲೆ 'ಬಲಶಾಲಿಗಳೇ, ನನ್ನ ಕೆಲಸ ನೋಡಿ ಹತಾಶರಾಗಿ' ಅನ್ನುವ ರಾಜನ ಮಾತು, ಸುತ್ತಲೂ ಬರೀ ಮರಳು.

ಅಷ್ಟೂರಿನಲ್ಲಿ ನಿಮಗೆ ಮರುಭೂಮಿ ಬೇಕಿಲ್ಲ, ಹುಮಾಯೂನನ ಗೋರಿ ಇದೆ. 1458ರಿಂದ 1461ರವರೆಗೆ ಆಳಿದ, ಜಾಲಿಮ್, ಅಂದರೆ ಕ್ರೂರಿ ಅಂತ ಹೆಸರಾದ ಬಹಮನಿ ಸುಲ್ತಾನ. ಅವನ ಗೋರಿಗೆ ಸಿಡಿಲು ಬಡಿದು ಗುಮ್ಮಟ ಸೀಳಿಹೋಗಿದೆ. ಅರ್ಧ ಗುಮ್ಮಟ ಹಾಗೇ ನಿಂತಿದೆ, ಇನ್ನರ್ಧದ ಜಾಗದಲ್ಲಿ ಆಕಾಶ ಕಾಣುತ್ತದೆ. ಗೋಡೆಯ ದಪ್ಪ ಎಷ್ಟು, ಒಳಗೆ ಇಟ್ಟಿಗೆ ಹೇಗೆ ಜೋಡಿಸಿದ್ದರು ಅನ್ನೋದು ಬಾಳೆದಿಂಡು ಕೊಯ್ದ ಹಾಗೆ ಬಿಡಿಸಿ ಕಾಣುತ್ತದೆ. ಅದರ ಮುಂದೆ ನಿಂತು 'ಹೌ ಆರ್ ದಿ ಮೈಟಿ ಫಾಲನ್' ಅಂದರೆ ಇಂಗ್ಲಿಷ್ ಬಲ್ಲ ಪ್ರವಾಸಿಗೆ ನೀವು ಬೇರೇನೂ ವಿವರಿಸಬೇಕಿಲ್ಲ. ಒಂದು ಎಚ್ಚರಿಕೆ ಇರಲಿ, ಈ ಮಾತನ್ನು ಈಗ ಅರ್ಧ ತಮಾಷೆಗೂ ಬಳಸುತ್ತಾರೆ. ಚಾಂಪಿಯನ್ ಟೀಮು ಮೊದಲ ರೌಂಡಿನಲ್ಲೇ ಸೋತರೆ ಕಾಮೆಂಟ್ರಿಯಲ್ಲಿ ಇದನ್ನೇ ಹೇಳುತ್ತಾರೆ. ಹಾಗಾಗಿ ದನಿ ಸ್ವಲ್ಪ ತಗ್ಗಿಸಿ ಹೇಳಿ.

'ಆರ್ ಸ್ಲೀಪಿಂಗ್' ಬದಲು 'ಲೈ ಬರೀಡ್' ಹಾಕಿ. ಸ್ಲೀಪಿಂಗ್ ಅಂದರೆ ಮಧ್ಯಾಹ್ನದ ನಿದ್ದೆ ಅನ್ನಿಸುತ್ತದೆ. ಮೈಟಿಗಿಂತ ಮೊದಲು 'ವನ್ಸ್' ಸೇರಿಸಿ, 'ದಿ ವನ್ಸ್ ಮೈಟಿ ಸುಲ್ತಾನ್ಸ್.' ಒಂದು ಕಾಲಕ್ಕೆ ಮೈಟಿಯಾಗಿದ್ದವರು. ಈ 'ವನ್ಸ್ ಮೈಟಿ' ಜೋಡಿ ಇಂಗ್ಲಿಷಿನಲ್ಲಿ ಬಹಳ ಓಡಾಡುತ್ತದೆ, ನಮ್ಮ ಭಾಗದ ಅರ್ಧ ಸ್ಥಳಗಳಿಗೆ ಇದು ಒಪ್ಪುತ್ತದೆ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡಕ್ಕೆ ಹೋಗಿ ನೋಡಿ. 9ನೇ ಶತಮಾನದ ಅರಬ್ ವ್ಯಾಪಾರಿ ಸುಲೇಮಾನನ ವೃತ್ತಾಂತದಲ್ಲಿ ರಾಷ್ಟ್ರಕೂಟ ದೊರೆಯನ್ನು ಜಗತ್ತಿನ ನಾಲ್ಕು ದೊಡ್ಡ ರಾಜರಲ್ಲಿ ಒಬ್ಬ ಅಂತ ಎಣಿಸಿದ್ದಾರೆ. ಇವತ್ತು ಕಾಗಿಣಾ ನದಿ ದಂಡೆಯ ಆ ಊರಿನಲ್ಲಿ ಪಾಳುಬಿದ್ದ ಕೋಟೆ ಗೋಡೆ ಇದೆ. ರಾಷ್ಟ್ರಕೂಟರಿಗೆ 'ದಿ ಮೈಟಿ ರಾಷ್ಟ್ರಕೂಟಾಸ್' ಅಂತ ಬರೆದರೆ ಒಂದಕ್ಷರವೂ ಜಾಸ್ತಿಯಲ್ಲ.

ಮನುಷ್ಯರಿಗೆ ಈ ಪದ ಹಚ್ಚುವಾಗ ಇನ್ನೊಂದು ಗುಂಡಿ ಇದೆ, ಅದನ್ನು ದಾಟಬೇಕು. 'ಹೈ ಅಂಡ್ ಮೈಟಿ' ಅಂತ ಒಂದು ನುಡಿಗಟ್ಟು. ಕೇಳಲಿಕ್ಕೆ ಗೌರವದ ಮಾತು. ಒಂದು ಕಾಲಕ್ಕೆ ಆಗಿತ್ತು ಕೂಡ. ಆಗ ಹೇಳಿದ 1611ರ ಬೈಬಲನ್ನು ಅನುವಾದಕರು ರಾಜ ಜೇಮ್ಸನಿಗೆ ಅರ್ಪಿಸಿದಾಗ ಅವನನ್ನು ಕರೆದಿದ್ದೇ 'ಮೋಸ್ಟ್ ಹೈ ಅಂಡ್ ಮೈಟಿ ಪ್ರಿನ್ಸ್' ಅಂತ. ಈಗ ಅದು ಪೂರಾ ತಿರುಗಿಬಿಟ್ಟಿದೆ. 'ಡೋಂಟ್ ಆಕ್ಟ್ ಹೈ ಅಂಡ್ ಮೈಟಿ' ಅಂದರೆ ದೊಡ್ಡಸ್ತಿಕೆ ತೋರಿಸಬೇಡ, ನಿನ್ನ ಮಿಜಾಜು ನನ್ನ ಹತ್ತಿರ ಬೇಡ ಅಂತ. ಯಾರೋ ದೊಡ್ಡ ಸಾಹೇಬರು ಕೋಟೆ ನೋಡಲು ಬಂದಾಗ ಸ್ವಾಗತ ಭಾಷಣದಲ್ಲಿ 'ಅವರ್ ಹೈ ಅಂಡ್ ಮೈಟಿ ಗೆಸ್ಟ್' ಅಂತ ಹೇಳಿಬಿಟ್ಟೀರಿ, ಹುಷಾರು.

ಕೊನೆಯ ವಾಕ್ಯ, 'ಯೂ ವಿಲ್ ಬಿ ಮೈಟಿ ಹ್ಯಾಪಿ.' ಇದನ್ನು ಎಲ್ಲಿಂದ ಹೆಕ್ಕಿದಿರೋ ಗೊತ್ತಿಲ್ಲ, ಹಳೇ ಕೌಬಾಯ್ ಸಿನಿಮಾ ಇರಬೇಕು. ಇಲ್ಲಿ ಮೈಟಿ ಅಂದರೆ ಬಲ ಅಲ್ಲವೇ ಅಲ್ಲ. 'ಬಹಳ' ಅಂತ ಅರ್ಥ. ಅಮೆರಿಕದಲ್ಲಿ, ಅದರಲ್ಲೂ ದಕ್ಷಿಣದ ಕಡೆ, ಆಡುಮಾತಿನಲ್ಲಿ 'ಮೈಟಿ ಫೈನ್', 'ಮೈಟಿ ಕೈಂಡ್ ಆಫ್ ಯೂ' ಅನ್ನುತ್ತಾರೆ. ಹಾಗಂತ ಇದು ಅಮೆರಿಕದವರು ಹುಟ್ಟಿಸಿದ್ದಲ್ಲ. 1660ರ ದಶಕದಲ್ಲಿ ಲಂಡನ್ನಿನ ಸರಕಾರಿ ನೌಕರ ಸ್ಯಾಮ್ಯುಯೆಲ್ ಪೀಪ್ಸ್ ತನ್ನ ದಿನಚರಿಯಲ್ಲಿ 'ಮೈಟಿ ಮೆರಿ' ಅಂತ ಮೇಲಿಂದ ಮೇಲೆ ಬರೆಯುತ್ತಾನೆ. ಊಟಕ್ಕೆ ಹೋದೆವು, ಮೈಟಿ ಮೆರಿ. ನಾಟಕಕ್ಕೆ ಹೋದೆವು, ಮೈಟಿ ಪ್ಲೀಸ್ಡ್.

ಕನ್ನಡದವರಿಗೆ ಇದು ಬೇಗ ಅರ್ಥವಾಗಬೇಕು. ನಮ್ಮ 'ಬಲು' ಮಾಡಿದ್ದೂ ಇದನ್ನೇ. ಬಲ್ ಅಂದರೆ ಬಲ, ಗಟ್ಟಿ. ಅದರಿಂದಲೇ 'ಬಲು ಚೆಂದ', 'ಬಲು ರುಚಿ' ಬಂತು. ಬಲು ಚೆಂದ ಅನ್ನುವಾಗ ಯಾರೂ ಗದೆ ಹಿಡಿದ ಭೀಮನನ್ನು ನೆನೆಯುವುದಿಲ್ಲ. ಆದರೆ ಒಂದು ವ್ಯತ್ಯಾಸ ಇದೆ. ಬಲು ಪದ್ಯದಲ್ಲೂ ಸಲ್ಲುತ್ತದೆ, ಗದ್ಯದಲ್ಲೂ ಸಲ್ಲುತ್ತದೆ. ಮೈಟಿ ಹ್ಯಾಪಿ ಮಾತ್ರ ಕಟ್ಟೆ ಮೇಲಿನ ಮಾತು. ಅರ್ಜಿಯಲ್ಲಿ, ಪರೀಕ್ಷೆಯಲ್ಲಿ, ಪಾಂಪ್ಲೆಟ್‌ನಲ್ಲಿ ಬೇಡ. ಮೇಲೆ ಅದೇ ಪದವನ್ನು ಕೋಟೆಗೆ, ಸುಲ್ತಾನರಿಗೆ ಗಂಭೀರವಾಗಿ ಬಳಸಿ, ಕೆಳಗೆ ಹ್ಯಾಪಿಗೆ ಹಚ್ಚಿದರೆ ಮೇಲಿನದ್ದರ ಗತ್ತೂ ಹೋಗುತ್ತದೆ. ಆ ವಾಕ್ಯವನ್ನೇ ತೆಗೆದುಬಿಡಿ. ಪ್ರವಾಸಿಗೆ ಸಂತೋಷ ಆಗುತ್ತದೋ ಇಲ್ಲವೋ ಅವರೇ ಹೇಳಲಿ. ಎದುರಿಗೆ ನಿಂತು ಮಾತಾಡುವಾಗ ಅಮೆರಿಕದವರೊಬ್ಬರು 'ಮೈಟಿ ಗುಡ್' ಅಂದರೆ ನೀವೂ ಧಾರಾಳವಾಗಿ 'ಮೈಟಿ ಗುಡ್' ಅನ್ನಿ, ಖುಷಿಪಡುತ್ತಾರೆ.

ಆಲ್‌ಮೈಟಿ ಬಗ್ಗೆ ನೀವು ಕೇಳಿಲ್ಲ, ಆದರೆ ಗೈಡ್ ಕೆಲಸದಲ್ಲಿ ದೇವಸ್ಥಾನ, ದರ್ಗಾ, ಗುರುದ್ವಾರ ಎಲ್ಲಾ ಬರುತ್ತವೆ, ಹಾಗಾಗಿ ಬೇಕಾಗುತ್ತದೆ. ಆಲ್ ಜೊತೆ ಮೈಟಿ ಸೇರಿ ಸರ್ವಶಕ್ತ. 'ದಿ ಆಲ್‌ಮೈಟಿ' ಅಂದರೆ ದೇವರು, ಅಲ್ಲಿ ಎ ದೊಡ್ಡಕ್ಷರ. ಸ್ಪೆಲಿಂಗಿನಲ್ಲಿ ಎಲ್ ಒಂದೇ. ಆಲ್ಸೋ, ಆಲ್ವೇಸ್ ಪದಗಳಲ್ಲಿ ಇನ್ನೊಂದು ಎಲ್ ಬಿದ್ದುಹೋದ ಹಾಗೆ ಇಲ್ಲೂ. ಆದರೆ ಸಣ್ಣಕ್ಷರದಲ್ಲಿ 'ಆನ್ ಆಲ್‌ಮೈಟಿ ನಾಯ್ಸ್' ಅಂದರೆ ದೇವರ ಸಂಬಂಧ ಇಲ್ಲ, ಕಿವಿ ಕಿತ್ತುಹೋಗುವಂಥ ಗದ್ದಲ. ನಮ್ಮ ಜಾತ್ರೆಯ ಮೈಕುಗಳ ಬಗ್ಗೆ ಒಬ್ಬ ಬ್ರಿಟಿಷ್ ಪ್ರವಾಸಿ ಹಾಗೆ ಅಂದರೆ ಅದು ಹೊಗಳಿಕೆ ಅಂತ ತಿಳಿಯಬೇಡಿ.

ಇನ್ನು ಅಕ್ಷರಗಳ ವಿಷಯ. ಎಂ, ಐ, ಜಿ, ಎಚ್, ಟಿ, ವೈ. ಜಿ ಎಚ್ ಉಚ್ಚಾರ ಇಲ್ಲ, 'ಮೈಟಿ' ಅಷ್ಟೇ. ಹಿಂದೆ ಅಲ್ಲಿ ಗಂಟಲಿನಿಂದ ಬರುವ 'ಖ್' ಥರದ ಸದ್ದಿತ್ತು. ಆಮೇಲೆ ಸದ್ದು ಹೋಯಿತು, ಅಕ್ಷರ ಉಳಿಯಿತು. ನೈಟ್, ಲೈಟ್, ರೈಟ್ ಎಲ್ಲದರಲ್ಲೂ ಕಥೆ ಇದೇ. ಇನ್ನೂ ದೊಡ್ಡದಕ್ಕೆ ಮೈಟಿಯರ್, ಎಲ್ಲಕ್ಕಿಂತ ದೊಡ್ಡದಕ್ಕೆ ಮೈಟಿಯೆಸ್ಟ್, ಎರಡರಲ್ಲೂ ವೈ ಹೋಗಿ ಐ ಬರುತ್ತದೆ. 'ಮೋರ್ ಮೈಟಿ' ಬೇಡ. ಖಡ್ಗಕ್ಕಿಂತ ಲೇಖನಿ ಹರಿತ ಅಂತ ನಾವು ಶಾಲೆಯಲ್ಲಿ ಪ್ರಬಂಧ ಬರೆಯುತ್ತಿದ್ದೆವಲ್ಲ, ಅದರ ಇಂಗ್ಲಿಷ್ ಮಾತಿನಲ್ಲಿ ಹರಿತ ಇಲ್ಲ, ಮೈಟಿಯರ್ ಇದೆ. ಬುಲ್ವರ್ ಲಿಟನ್ 1839ರಲ್ಲಿ ಬರೆದ ರಿಶಲ್ಯೂ ನಾಟಕದ ಮಾತು ಅದು.

ಒಟ್ಟು ನಿಮ್ಮ ಪಾಂಪ್ಲೆಟ್ ಹೀಗೆ ಓದಿಸಿಕೊಂಡರೆ ಸಾಕು: 'ವೆಲ್ಕಮ್ ಟು ದಿ ಮೈಟಿ ಫೋರ್ಟ್ ಆಫ್ ಬೀದರ್. ಇನ್ ದಿ ಟೌನ್ ಸ್ಟ್ಯಾಂಡ್ಸ್ ದಿ ಮದರಸಾ ಬಿಲ್ಟ್ ಬೈ ದಿ ಪವರ್‌ಫುಲ್ ಮಿನಿಸ್ಟರ್ ಮಹಮೂದ್ ಗಾವಾನ್. ಅಟ್ ಅಷ್ಟೂರ್ ಲೈ ಬರೀಡ್ ದಿ ವನ್ಸ್ ಮೈಟಿ ಸುಲ್ತಾನ್ಸ್ ಆಫ್ ದಿ ಬಹಮನಿ ಕಿಂಗ್‌ಡಮ್.' ಆಮೇಲೆ ಮಣ್ಣು ಮತ್ತು ಬೆಳ್ಳಿಯ ವಾಕ್ಯ. ತೋಪಿನ ವಾಕ್ಯವನ್ನು ಬಾಯಲ್ಲಿ ಹೇಳಿ, ಕಾಗದದ ಮೇಲೆ ಮೈಟಿ ಎರಡು ಸಲ ಬಂದಿದ್ದು ಸಾಕು. ಪ್ರಿಂಟಿಂಗ್ ಪ್ರೆಸ್ಸಿಗೆ ಕೊಡುವ ಮುಂಚೆ ಒಂದೇ ಒಂದು ನೋಡಿಕೊಳ್ಳಿ. ಡಿಟಿಪಿ ಮಾಡುವ ಹುಡುಗರು ಎಷ್ಟೋ ಸಲ ಟಿ ಆದಮೇಲೆ ಸುಮ್ನೆ ಒಂದು ಎಲ್ ಸೇರಿಸಿ 'ಮೈಟ್ಲಿ' ಮಾಡಿಬಿಡುತ್ತಾರೆ. ಅಂಥ ಪದವೇ ಇಲ್ಲ. ಪ್ರೂಫ್ ಬಂದಾಗ ಮೊದಲು ಅದನ್ನು ಹುಡುಕಿ.